ಅಮೃತಮತಿಯ ಆಯ್ಕೆ
ಧರ್ಮಸ್ಥಳದಿಂದ ಮೂಡುಬಿದಿರೆಯವರೆಗೆ ಜೈನ ಪರಂಪರೆ ಇನ್ನೂ ಜೀವಂತ. ಆ ಪರಂಪರೆಯ ಕನ್ನಡ ಕಾವ್ಯಗಳಲ್ಲಿ ಒಲವು, ಮತ್ಸರಗಳನ್ನು ಜನ್ನನ ‘ಯಶೋಧರ ಚರಿತೆ’ಯಷ್ಟು (1209) ನಿರ್ದಾಕ್ಷಿಣ್ಯವಾಗಿ ತೋರಿಸಿದ್ದು ವಿರಳ. ಚೆಲುವೆ ರಾಣಿ ಅಮೃತಮತಿ ಇರುಳು ಕೇಳಿದ ಹಾಡೊಂದಕ್ಕೆ ಸೋಲುತ್ತಾಳೆ. ಹಾಡಿದ ಮಾವುತ ಅಷ್ಟಾವಂಕ ಕಡು ಕುರೂಪಿ ಎಂದು ದೂತಿ ಬಂದು ಹೇಳಿದರೂ ಅವಳು ಕದಲುವುದಿಲ್ಲ. ಮನಸ್ಸು ಒಲಿದ ಮೇಲೆ ರೂಪದ ಮಾತೇಕೆ ಎನ್ನುತ್ತಾಳೆ. ಮಾವುತನ ಬಳಿಗೆ ಹೋದ ಅವಳನ್ನು ಹಿಂಬಾಲಿಸಿ ನೋಡಿದ ರಾಜ ಯಶೋಧರ ಇಬ್ಬರನ್ನೂ ಕೊಲ್ಲಲು ಕತ್ತಿ ಹಿರಿದು, ತಡೆದುಕೊಳ್ಳುತ್ತಾನೆ. ಆಮೇಲೆ ಸರಸದ ನೆಪದಲ್ಲಿ ನೈದಿಲೆಯಿಂದ ಅವಳಿಗೆ ಹೊಡೆದು ಚುಚ್ಚಿ ಮಾತಾಡುತ್ತಾನೆ. ಎತ್ತಿದ ಕತ್ತಿಗಿಂತ ಈ ಹೂವಿನ ಏಟೇ ಹೆಚ್ಚು ಕ್ರೂರ: ತನ್ನಂಥ ರೂಪವಂತನನ್ನು ಬಿಟ್ಟು ಅಂಥವನನ್ನೇ ಎಂಬ ಅವಮಾನವೆಲ್ಲ ಅದರಲ್ಲಿದೆ. ಅವಳೋ ರಾಜನಿಗೂ ಅತ್ತೆಗೂ ವಿಷವುಣಿಸುತ್ತಾಳೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕಕ್ಕೆ ಇದೇ ಕಥೆಯನ್ನು ಎತ್ತಿಕೊಂಡರು.