ಕಾರಿನಡಿಯ ಕೆಂಪು ಹನಿ

ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ನಮ್ಮ ಕಾರು ಕೈಕೊಟ್ಟಿತು. ಎಂಜಿನ್ ನಿಂತಿರಲಿಲ್ಲ, ಪೆಟ್ರೋಲೂ ಮುಗಿದಿರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಗುಂಯ್ ಎಂದು ಅಬ್ಬರಿಸುತ್ತಿತ್ತು, ಕಾರು ಮಾತ್ರ ಮುಂದಕ್ಕೆ ಹೋಗಲೊಲ್ಲದು. ಬ್ರೇಕಿನಿಂದ ಕಾಲು ತೆಗೆದರೆ ಹಿಂದಕ್ಕೆ ಜಾರುವ ಭಯ. ಹಿಂದಿನ ಸೀಟಿನಲ್ಲಿ ನನ್ನಾಕೆ ಮತ್ತು ಐದನೇ ಕ್ಲಾಸಿನ ಮೊಮ್ಮಗಳು ಪುಟ್ಟಿ. ನಮ್ಮ ಹಿಂದೆ ಒಂದು ಬಸ್ಸು. ಹ್ಯಾಂಡ್‌ಬ್ರೇಕ್ ಎಳೆದು ಕುಳಿತೆ. ಬಸ್ಸಿನ ಕಂಡಕ್ಟರ್ ಇಳಿದು ಬಂದು ಚಕ್ರದ ಹಿಂದೆ ಕಲ್ಲಿಟ್ಟ ಮೇಲೆಯೇ ನನಗೆ ಉಸಿರು ಬಂದದ್ದು. ಅಂದು ದೇವಿಗೆ ಆ ತಿರುವಿನಿಂದಲೇ ಕೈಮುಗಿದೆವು.

ನಮ್ಮದು ಹಳೆಯ ಆಟೋಮ್ಯಾಟಿಕ್ ಕಾರು. ನನ್ನ ಎಡ ಮೊಣಕಾಲು ಕ್ಲಚ್ ತುಳಿಯಲು ಒಪ್ಪದೆ ಹೋದಾಗ ಕೊಂಡದ್ದು. ಮನೆಗೆ ಬಂದೊಡನೆ ಪುಟ್ಟಿ ಕೇಳಿದಳು, “ತಾತ, ಎಂಜಿನ್ ಓಡ್ತಿದ್ರೂ ಕಾರು ಯಾಕೆ ಓಡ್ಲಿಲ್ಲ?”

ಮಕ್ಕಳೇ, ನಿಮಗೂ ಹೇಳುತ್ತೇನೆ. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಹಾಕಿದರೆ, ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅದೇ ಟಾರ್ಕ್ ಕನ್ವರ್ಟರ್. ಒಂದು ರೆಕ್ಕೆ ಎಂಜಿನ್ನಿನದು, ಇನ್ನೊಂದು ಗೇರ್‌ಬಾಕ್ಸಿನದು. ಜರ್ಮನಿಯ ಹರ್ಮನ್ ಫೆಟಿಂಗರ್ ಎಂಬ ಎಂಜಿನಿಯರ್ 1905ರಲ್ಲಿ ಈ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ! ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಕಾರುಗಳಲ್ಲಿ ತಂದಿತು. ಅದರೊಳಗೂ ಹೀಗೆ ಎಣ್ಣೆಯಿಂದ ತಿರುಗುವ ರೆಕ್ಕೆಗಳಿದ್ದವು.

ಗೇರ್‌ಬಾಕ್ಸಿನ ಒಳಗೆ ತೆಳ್ಳನೆಯ ಕ್ಲಚ್ ಪ್ಲೇಟುಗಳಿವೆ. ನಿಮ್ಮ ಎರಡು ಅಂಗೈಗಳನ್ನು ಬಿಗಿಯಾಗಿ ಒತ್ತಿ ಹಿಡಿದು ಒಂದನ್ನು ಸರಿಸಿ ನೋಡಿ, ಇನ್ನೊಂದೂ ಜೊತೆಗೆ ಬರುತ್ತದೆ. ಸಡಿಲ ಬಿಟ್ಟರೆ ಜಾರುತ್ತದೆ. ಪ್ಲೇಟುಗಳನ್ನು ಹಾಗೆ ಒತ್ತಿ ಹಿಡಿಯುವುದು ಪಂಪಿನಿಂದ ಬರುವ ಎಣ್ಣೆಯ ಒತ್ತಡ. ಎಣ್ಣೆ ಕಡಿಮೆಯಾದರೆ? ಎಳನೀರು ಮುಗಿಯುತ್ತ ಬಂದಾಗ ಸ್ಟ್ರಾ ಸೊರ್ ಸೊರ್ ಎನ್ನುತ್ತದಲ್ಲ, ಹಾಗೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಹೀರುತ್ತದೆ. ಒತ್ತಡ ಇಳಿಯುತ್ತದೆ, ಪ್ಲೇಟು ಜಾರುತ್ತದೆ. ಎಳನೀರಿನ ಬುರುಡೆಯನ್ನು ವಾಲಿಸಿದರೆ ಇದ್ದಷ್ಟು ನೀರೂ ಸ್ಟ್ರಾಗೆ ಸಿಗುವುದಿಲ್ಲ. ಊರೊಳಗೆ ಹೇಗೋ ಓಡುತ್ತಿದ್ದ ಕಾರು ಬೆಟ್ಟದ ಏರಿನಲ್ಲಿ ಸೋತದ್ದು ಹೀಗೆ.

ಆದರೆ ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಕಾರನ್ನು ಲಾರಿಯ ಮೇಲೇರಿಸಿ ಕೆಳಗೆ ತಂದೆವು. ಆಟೋಮ್ಯಾಟಿಕ್ ಕಾರಿನ ಚಕ್ರ ಉರುಳಿಸುತ್ತ ಹಗ್ಗ ಕಟ್ಟಿ ಎಳೆಯಬಾರದು. ಎಂಜಿನ್ ಓಡದಿದ್ದರೆ ಪಂಪೂ ಓಡುವುದಿಲ್ಲ, ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಸವೆಯುತ್ತವೆ. ಮೊದಲು ನೋಡಿದ ಗ್ಯಾರೇಜಿನವರು ಹತ್ತು ಅಡಿ ಓಡಿಸಿ, “ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಬದಲಾಯಿಸಬೇಕು, 70,000 ಆಗುತ್ತೆ” ಎಂದರು. ಕಾರು ಮಾರಿದರೂ ಅಷ್ಟು ಬರುತ್ತಿತ್ತೋ ಇಲ್ಲವೋ. ಬಾನೆಟ್ಟನ್ನೇ ಅವರು ಎತ್ತಿರಲಿಲ್ಲ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಲೆಡ್ಜರನ್ನೆಲ್ಲ ಹೊಸದಾಗಿ ಬರೆಯುತ್ತಿರಲಿಲ್ಲ. ವ್ಯತ್ಯಾಸ 27 ರೂಪಾಯಿಯೇ? ಒಂಬತ್ತರಿಂದ ಭಾಗವಾಗುತ್ತದೆ, ಹಾಗಾದರೆ 63ನ್ನು 36 ಎಂದು ತಿರುಚಿ ಬರೆದಿರಬಹುದೇ ಎಂದು ಮೊದಲು ಹುಡುಕುತ್ತಿದ್ದೆವು. ಸುಲಭವಾಗಿ ನೋಡಬಹುದಾದದ್ದು ಮೊದಲು. ಆ ಅಭ್ಯಾಸದಿಂದಲೇ ಇನ್ನೊಬ್ಬ ಹಿರಿಯ ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿದೆ.

ಆತ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದ. ಕಡ್ಡಿಯ ತುದಿಗೆ ಮಾತ್ರ ಎಣ್ಣೆ. ಬಿಳಿ ಬಟ್ಟೆಯ ಮೇಲೆ ಒರೆಸಿದ, ಇನ್ನೂ ಕೆಂಪು ಇತ್ತು. ಮೂಸಿದ, ಸುಟ್ಟ ವಾಸನೆ ಇರಲಿಲ್ಲ. “ಪ್ಲೇಟು ಬದುಕಿದೆ ಸಾರ್” ಎಂದ. ಕೆಳಗೆ ತೂರಿ ನೋಡಿದರೆ, ಎಣ್ಣೆಯನ್ನು ತಣ್ಣಗಾಗಿಸಲು ರೇಡಿಯೇಟರಿಗೆ ಒಯ್ಯುವ ರಬ್ಬರ್ ಹೋಸ್ ಬಿರಿದಿತ್ತು. ಹೊಸ ಹೋಸ್, ಎರಡು ಕ್ಲಿಪ್ಪು, ಒಂದೂವರೆ ಲೀಟರ್ ಎಣ್ಣೆ. ಕೂಲಿ ಸೇರಿ 1,850 ರೂಪಾಯಿ.

ದುಡ್ಡು ಉಳಿಯಿತೆಂದು ನಾನು ಬೀಗುವಾಗ ಆತ ಹೇಳಿದ: “ಇನ್ನೊಂದು ತಿಂಗಳು ಹೀಗೇ ಓಡಿಸಿದ್ರೆ ಆ ಗ್ಯಾರೇಜಿನವರ ಮಾತೇ ನಿಜ ಆಗ್ತಿತ್ತು. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಪ್ಲೇಟು ಸುಡುತ್ತೆ. ನೆಲದ ಮೇಲೆ ಹನಿ ಬಿದ್ದಿರ್ಬೇಕಲ್ಲ, ಯಾರೂ ನೋಡ್ಲಿಲ್ವಾ?”

ಪುಟ್ಟಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅವಳು ನೋಡಿದ್ದಳು. ಮೂರು ವಾರದ ಹಿಂದೆಯೇ, ಅಜ್ಜಿಯ ರಂಗೋಲಿಯ ಪಕ್ಕ ಕೆಂಪು ಹನಿ ಇದೆಯೆಂದು ಕರೆದು ತೋರಿಸಿದ್ದಳು. ನಾನು ಪತ್ರಿಕೆಯಿಂದ ತಲೆಯೆತ್ತದೆ, “ಎ.ಸಿ. ನೀರಮ್ಮ” ಎಂದಿದ್ದೆ. “ನೀರು ಕೆಂಪಗಿರುತ್ತಾ ತಾತ?” ಎಂದು ಕೇಳಿದ್ದಳು. ಆ ಪ್ರಶ್ನೆಗೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಅವಳನ್ನೂ ಅವಳಜ್ಜಿಯನ್ನೂ ಕೂರಿಸಿಕೊಂಡು ಬೆಟ್ಟ ಹತ್ತಿಸಲು ಹೊರಟಿದ್ದೆ.

ಹಳೆಯ ಆಟೋಮ್ಯಾಟಿಕ್ ಕಾರಿರುವ ಅಜ್ಜಂದಿರಿಗೆ ಎರಡು ಮಾತು. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ಎಣ್ಣೆ ಬೇರೆ, ಡಿಪ್‌ಸ್ಟಿಕ್ಕೂ ಬೇರೆ. ಸಾಮಾನ್ಯವಾಗಿ ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಬಿಸಿಯಾದ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಕೆಲವು ಕಾರುಗಳ ಕ್ರಮ ಬೇರೆ, ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ. ಆದ್ದರಿಂದ ಕಾರಿನ ಪುಸ್ತಕ ಓದಿಕೊಳ್ಳಿ. ಅದು ಹೇಳಿದ ಎಣ್ಣೆಯನ್ನೇ ಹಾಕಿಸಿ. ಹೆಚ್ಚು ಹಾಕಿದರೂ ನೊರೆಯೆದ್ದು ಕೆಡುತ್ತದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಓಡಿಸುವುದನ್ನು ನಿಲ್ಲಿಸಿ.

ಈಗ ಪ್ರತಿ ಶನಿವಾರ ರಾತ್ರಿ ಪುಟ್ಟಿ ಕಾರಿನಡಿ ಬಿಳಿ ಕಾಗದ ಹಾಸುತ್ತಾಳೆ. ಕಳೆದ ಭಾನುವಾರ ಅದರ ಮೇಲೆ ಒಂದು ಒದ್ದೆ ಗುರುತು ಇತ್ತು. “ಇದು ಬರೀ ನೀರು ತಾತ” ಎಂದಳು. ಪತ್ರಿಕೆ ಮಡಿಸಿಟ್ಟು, ಮೊಣಕಾಲು ಹಿಡಿದುಕೊಂಡು ಬಗ್ಗಿ ನಾನೂ ನೋಡಿದೆ.

ನೀರೇ.