ಬ್ಯಾಟರಿ ನುಂಗುವ ಡಬ್ಬಿ: ಮೇಲೆ ಎಂ.ಪಿ.ಪಿ.ಟಿ., ಒಳಗೆ ಮಾಮೂಲಿ!

ಮಂಡ್ಯ: ಸಾವಿರ ರೂಪಾಯಿಯೂ ಬಾಳದ ಒಂದು ಡಬ್ಬಿ, ಹತ್ತು ಸಾವಿರ ದಾಟಿದ ಬ್ಯಾಟರಿಯನ್ನು ಸದ್ದಿಲ್ಲದೆ ತಿಂದು ಹಾಕುತ್ತದೆ. ಕೊನೆಗೆ ಬೈಸಿಕೊಳ್ಳುವುದು ಮಾತ್ರ ಬ್ಯಾಟರಿ. ಡಬ್ಬಿಗೆ ಏನೂ ಆಗಿರುವುದಿಲ್ಲ, ಅದರ ದೀಪ ಮಿಣಮಿಣ ಅನ್ನುತ್ತಲೇ ಇರುತ್ತದೆ.

ಈ ಡಬ್ಬಿಯೇ ಸೋಲಾರ್ ಚಾರ್ಜ್ ಕಂಟ್ರೋಲರ್. ಪ್ಯಾನೆಲ್‌ನಿಂದ ಬರುವ ಕರೆಂಟನ್ನು ಬ್ಯಾಟರಿಗೆ ಬೇಕಾದಷ್ಟೇ ಬಿಡುವುದು, ತುಂಬಿದ ಮೇಲೆ ತಡೆಯುವುದು, ಬ್ಯಾಟರಿ ಪೂರಾ ಇಳಿಯುವ ಮೊದಲು ದೀಪದ ಲೈನು ಕತ್ತರಿಸುವುದು ಇದರ ಕೆಲಸ. ನಾಲೆಗೆ ತೂಬು ಇದ್ದ ಹಾಗೆ. ವಿಶ್ವೇಶ್ವರಯ್ಯ ನಾಲೆ ನಂಬಿ ಬದುಕುವ ಜಿಲ್ಲೆಗೆ, ತೂಬು ಕೆಟ್ಟರೆ ಗದ್ದೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕತ್ತಲೆಯೇ ಬಂಡವಾಳ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಆದರೆ 2023ರಲ್ಲಿ ಮಳೆ ಕೈಕೊಟ್ಟು, ಅಕ್ಟೋಬರಿನಲ್ಲಿ ರಾಜ್ಯಕ್ಕೆಲ್ಲ ಕರೆಂಟಿನ ಬರ ಬಂದಾಗ, ದೂರದ ಗಣಿಗೆ ದೀಪ ಕೊಟ್ಟ ಊರಿಗೂ ವಿನಾಯಿತಿ ಇರಲಿಲ್ಲ. ಇಂಥ ಕಾಲದಲ್ಲಿ ಜನ ಸ್ವಂತ ದಾರಿ ನೋಡಿಕೊಳ್ಳುತ್ತಾರೆ. ಮದ್ದೂರಿನ ಎಳನೀರು ಅಂಗಡಿಗೆ ದೀಪ, ರೇಷ್ಮೆಹುಳು ಮನೆಗೆ ಫ್ಯಾನು, ಮುತ್ತತ್ತಿ ಕಾಡಂಚಿನ ಹೊಲಕ್ಕೆ ಸೋಲಾರ್ ಬೇಲಿ. ಎಲ್ಲಕ್ಕೂ ಒಂದು ಪ್ಯಾನೆಲ್, ಒಂದು ಬ್ಯಾಟರಿ, ನಡುವೆ ಈ ಡಬ್ಬಿ.

ಬ್ಯಾಟರಿ ಇಲ್ಲದೆ ನೇರವಾಗಿ ಸೆಸ್ಕ್ ಲೈನಿಗೆ ಕೂಡುವ ಚಾವಣಿ ಸೋಲಾರಿಗೆ ಈ ಡಬ್ಬಿ ಬೇಕಿಲ್ಲ. 2024ರ ಫೆಬ್ರವರಿಯಲ್ಲಿ ಶುರುವಾದ ಸೂರ್ಯಘರ್ ಯೋಜನೆಯಲ್ಲಿ ಅಂಥದ್ದನ್ನು ಹಾಕಿಸಿಕೊಂಡವರಿಗೆ ಯಾರಾದರೂ ಇದನ್ನು ಮಾರಲು ಬಂದರೆ ಬಾಗಿಲಲ್ಲೇ ನಿಲ್ಲಿಸಬಹುದು.

ಮೋಸ ಎಲ್ಲಿ?

ಕಂಟ್ರೋಲರ್‌ನಲ್ಲಿ ಎರಡು ಜಾತಿ. ಮಾಮೂಲಿಯದು ಪಿ.ಡಬ್ಲ್ಯು.ಎಂ., ಅಗ್ಗ. ಎಂ.ಪಿ.ಪಿ.ಟಿ. ಅನ್ನುವುದು ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನು ಇಳಿಸಿ, ಅದಕ್ಕೆ ತಕ್ಕಂತೆ ಆಂಪಿಯರ್ ಏರಿಸಿ ಬ್ಯಾಟರಿಗೆ ಕೊಡುವಂಥದ್ದು, ದುಬಾರಿ. ಮಾಮೂಲಿ ಎಂದರೆ ಕೆಟ್ಟದ್ದೆಂದಲ್ಲ. 12 ವೋಲ್ಟ್ ಬ್ಯಾಟರಿಗೆ 12 ವೋಲ್ಟಿನದೇ ಸಣ್ಣ ಪ್ಯಾನೆಲ್ ಹಾಕಿದವರಿಗೆ ಒಳ್ಳೆಯ ಪಿ.ಡಬ್ಲ್ಯು.ಎಂ. ಧಾರಾಳ ಸಾಕು. ಮಾಮೂಲಿ ಡಬ್ಬಿಗೆ ಎಂ.ಪಿ.ಪಿ.ಟಿ. ಚೀಟಿ ಅಂಟಿಸಿ ಮಾರುವುದೇ ಮೋಸ.

ಲೆಕ್ಕ ನೋಡಿ. ದೊಡ್ಡ ಪ್ಯಾನೆಲ್ ಒಂದು 36 ವೋಲ್ಟಿನಲ್ಲಿ 9 ಆಂಪಿಯರ್ ಕೊಡುತ್ತದೆ ಅನ್ನಿ. ಅಲ್ಲಿಗೆ 324 ವ್ಯಾಟ್. ಮಾಮೂಲಿ ಡಬ್ಬಿ ಅದೇ 9 ಆಂಪಿಯರನ್ನು 13 ವೋಲ್ಟಿನ ಬ್ಯಾಟರಿಗೆ ದಾಟಿಸುತ್ತದೆ. ಸಿಕ್ಕಿದ್ದು 117 ವ್ಯಾಟ್. ಮೂರರಲ್ಲಿ ಸುಮಾರು ಎರಡು ಪಾಲು ಬಿಸಿಲು ಮಣ್ಣುಪಾಲು! ಅಸಲಿ ಎಂ.ಪಿ.ಪಿ.ಟಿ. ಇದ್ದಿದ್ದರೆ 22-23 ಆಂಪಿಯರ್ ಹೋಗಬೇಕಿತ್ತು. ಹೀಗೆ ದಿನಾ ಅರೆಹೊಟ್ಟೆ ಉಂಡ ಬ್ಯಾಟರಿಯ ಸೀಸದ ಫಲಕಗಳಿಗೆ ಸಲ್ಫೇಟು ಕಟ್ಟುತ್ತದೆ, ಆಯಸ್ಸು ಮುಗಿಯುತ್ತದೆ. ಗಿರಾಕಿ ಮಾತ್ರ "ಬ್ಯಾಟರಿ ಸರಿಯಿಲ್ಲ ಕಣಣ್ಣ" ಅಂತ ಬ್ಯಾಟರಿ ಅಂಗಡಿಗೆ ಜಗಳಕ್ಕೆ ಹೋಗುತ್ತಾನೆ.

ಮಧ್ಯಾಹ್ನದ ಪರೀಕ್ಷೆ

ಅಸಲಿ ಎಂ.ಪಿ.ಪಿ.ಟಿ.ಯೊಳಗೆ ದಪ್ಪ ತಾಮ್ರದ ಸುರುಳಿ, ಬಿಸಿ ಹೊರಹಾಕುವ ಲೋಹದ ಮೈ ಇರುತ್ತದೆ. ಕೈಗೆತ್ತಿದರೆ ಭಾರ. ಬೆಂಕಿಪೊಟ್ಟಣದಷ್ಟು ಹಗುರವಿದ್ದು ಮೇಲೆ "30 ಆಂಪಿಯರ್ ಎಂ.ಪಿ.ಪಿ.ಟಿ." ಎಂದಿದ್ದರೆ ಸಂಶಯ ಪಡಬೇಕು. ಆದರೆ ತೂಕ ಸಂಶಯಕ್ಕಷ್ಟೇ, ತೀರ್ಪಿಗಲ್ಲ.

ತೀರ್ಪು ಹೇಳುವುದು ಮಲ್ಟಿಮೀಟರ್. ಬಿಸಿಲು ನೆತ್ತಿಗೆ ಬಂದಾಗ, ಅರ್ಧ ಇಳಿದ ಬ್ಯಾಟರಿಗೆ ಚಾರ್ಜು ಹೋಗುತ್ತಿರುವಾಗ, ಪ್ಯಾನೆಲ್ ತಂತಿ ಸೇರುವ ಜಾಗದಲ್ಲಿ ವೋಲ್ಟೇಜ್ ನೋಡಬೇಕು. 36 ವೋಲ್ಟಿನ ಪ್ಯಾನೆಲ್ ಅಲ್ಲೂ 30ರ ಮೇಲೆ ನಿಂತಿದ್ದರೆ ಎಂ.ಪಿ.ಪಿ.ಟಿ. ಕೆಲಸ ನಡೆದಿದೆ. ಬ್ಯಾಟರಿಯಷ್ಟೇ 13-14ಕ್ಕೆ ಕುಸಿದಿದ್ದರೆ ಚೀಟಿ ಸುಳ್ಳು. ಡಿ.ಸಿ. ಅಳೆಯುವ ಕ್ಲಾಂಪ್ ಮೀಟರ್ ಇದ್ದರೆ ಇನ್ನೂ ಸುಲಭ: ಬ್ಯಾಟರಿ ಕಡೆಯ ಆಂಪಿಯರ್ ಪ್ಯಾನೆಲ್ ಕಡೆಗಿಂತ ಚೆನ್ನಾಗಿ ಹೆಚ್ಚಿರಬೇಕು. ಎರಡೂ ಒಂದೇ ಆದರೆ ಕೊಟ್ಟ ದುಡ್ಡು ಚೀಟಿಗೆ ಹೋಯಿತು ಎಂದೇ ಅರ್ಥ.

ಬ್ಯಾಟರಿ ಉಳಿಯಬೇಕಾದರೆ

ಅಸಲಿಯಾದರೂ ಸೆಟ್ಟಿಂಗು ತಪ್ಪಿದರೆ ಬ್ಯಾಟರಿ ಸಾಯುತ್ತದೆ. ಸೀಸದ 12 ವೋಲ್ಟ್ ಬ್ಯಾಟರಿ ತುಂಬುವಾಗ 14.4ರ ಆಸುಪಾಸಿನಲ್ಲಿ ನಿಂತು, ತುಂಬಿದ ಮೇಲೆ 13.5ರಿಂದ 13.8ಕ್ಕೆ ಇಳಿಯಬೇಕು. ದಿನಾ 15 ದಾಟುತ್ತಿದ್ದರೆ ಒಳಗಿನ ನೀರು ಒಡೆದು ಹೈಡ್ರೋಜನ್ ಅನಿಲ ಬರುತ್ತದೆ. ಗಾಳಿಯಾಡದ ಮೂಲೆಯಲ್ಲಿ, ಬೀಡಿ ಕಿಡಿ ಹತ್ತಿರವಿದ್ದರೆ ಸಿಡಿಯಲೂಬಹುದು. ತಿಂಗಳಿಗೆ ಮೂರು ಸಲ ಡಿಸ್ಟಿಲ್ಡ್ ವಾಟರ್ ಕೇಳುವ ಬ್ಯಾಟರಿ ಬಾಯಾರಿದ್ದಲ್ಲ, ಬೆಂದದ್ದು. ಇತ್ತ 11 ವೋಲ್ಟಿನ ಸುಮಾರಿಗೆ ದೀಪದ ಲೈನು ತಾನೇ ಕಡಿಯದಿದ್ದರೂ ಡಬ್ಬಿ ನಂಬುವಂಥದ್ದಲ್ಲ.

ಲಿಥಿಯಂ ಫಾಸ್ಫೇಟ್ ಬ್ಯಾಟರಿಯದು ಬೇರೆ ಜಾಡು. ನಾಲ್ಕು ಸೆಲ್ಲಿನದಕ್ಕೆ 14.6 ವೋಲ್ಟೇ ಕಡೆಯ ಗಡಿ. ಅದರ ಸೆಟ್ಟಿಂಗೇ ಇಲ್ಲದ ಕಂಟ್ರೋಲರಿಗೆ ಅದನ್ನು ಕಟ್ಟಬಾರದು. ಯಾವ ಬ್ಯಾಟರಿಯೇ ಆಗಲಿ, ಪ್ಲಸ್ ತುದಿಯ ಹತ್ತಿರವೇ ಫ್ಯೂಸ್ ಇರಬೇಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.

ಬಿಲ್ಲು ಕೇಳಿ

ಅಂಗಡಿಯವರನ್ನೆಲ್ಲ ಕಳ್ಳರೆಂದರೆ ನ್ಯಾಯವಲ್ಲ. ಬಾಕ್ಸುಗಟ್ಟಲೆ ತರುವವನೂ ಡಬ್ಬಿ ಬಿಚ್ಚಿ ನೋಡಿರುವುದಿಲ್ಲ, ಚೀಟಿ ನಂಬಿಯೇ ಮಾರುತ್ತಾನೆ. ಆದರೆ ಮಾರಿದ ಮೇಲೆ "ಗೊತ್ತಿರಲಿಲ್ಲ ಸ್ವಾಮಿ" ಅಂದರೆ ಸಾಲದು. ಬಿಲ್ಲಿನಲ್ಲಿ "ಎಂ.ಪಿ.ಪಿ.ಟಿ., 12 ವೋಲ್ಟ್, 30 ಆಂಪಿಯರ್" ಎಂದು ಬರೆಸಿಕೊಂಡ ಗಿರಾಕಿಯ ಬೆನ್ನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. 1915ಕ್ಕೆ ಫೋನು ಮಾಡಬಹುದು. ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಬಿಲ್ಲಿಲ್ಲದ ದೂರು ಮಾತ್ರ ಬಾಯಿ ಮಾತಾಗಿಬಿಡುತ್ತದೆ.

ಜಾಣ ವ್ಯಾಪಾರಿಗೆ ಇಲ್ಲೇ ಲಾಭವೂ ಇದೆ. ಅಂಗಡಿ ಮುಂದೆ ಒಂದು ಪ್ಯಾನೆಲ್, ಒಂದು ಬ್ಯಾಟರಿ, ಒಂದು ಮೀಟರ್ ಇಟ್ಟು ಗಿರಾಕಿಯ ಕಣ್ಣೆದುರೇ ತೋರಿಸಿ ಮಾರಿದರೆ, ಮಳವಳ್ಳಿ ಬಸ್ಸಿನಲ್ಲಿ ಬಂದವನೂ ಹುಡುಕಿಕೊಂಡು ಅಲ್ಲಿಗೇ ಬರುತ್ತಾನೆ. ಬಿಸಿಲಿಗೆ ಬಿಲ್ಲು ಕೊಡಬೇಕಿಲ್ಲ, ನಿಜ. ಬಿಸಿಲು ಹಿಡಿಯುವ ಡಬ್ಬಿಗಾದರೂ ಬಿಲ್ಲು ಇರಲಿ!