ಉಚಿತ ಟಿವಿಗಳ ಮುಪ್ಪಿಗೆ ಯಾರು ಹೊಣೆ?

2006ರ ಸೆಪ್ಟೆಂಬರ್ 15, ಅಣ್ಣಾದುರೈ ಹುಟ್ಟಿದ ದಿನ. ಅಂದು ಕರುಣಾನಿಧಿ ಸರ್ಕಾರ ತಮಿಳುನಾಡಿನಲ್ಲಿ ಉಚಿತ ಕಲರ್ ಟಿವಿ ಹಂಚಲು ಶುರುಮಾಡಿತು. 2011ರಲ್ಲಿ ಸರ್ಕಾರ ಬದಲಾಗುವ ಹೊತ್ತಿಗೆ 14 ಇಂಚಿನ ಒಂದೂವರೆ ಕೋಟಿಗೂ ಹೆಚ್ಚು ಟಿವಿಗಳು ಮನೆಮನೆ ಸೇರಿದ್ದವು. ಉಚಿತ ಕೊಡುಗೆಯ ಸರಿತಪ್ಪಿನ ಜಗಳ ಸುಪ್ರೀಂ ಕೋರ್ಟ್ ಮುಟ್ಟಿ, 2013ರಲ್ಲಿ ತೀರ್ಪೂ ಬಂತು. ಆ ಟಿವಿಗಳಿಗೆ ವಯಸ್ಸಾದ ಮೇಲೆ ಏನು ಮಾಡಬೇಕೆಂದು ಮಾತ್ರ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಈ ಪ್ರಶ್ನೆ ಹತ್ತಿರದ್ದು. ಸೋಮನೂರು, ಪಲ್ಲಡಂ ಸುತ್ತಿನ ಪವರ್‌ಲೂಮ್ ಊರುಗಳು, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ಕೆಲಸಗಾರರ ಬಡಾವಣೆಗಳು, ಮನೆಯೊಳಗೆ ಕನ್ನಡ ಉಳಿಸಿಕೊಂಡ ದೇವಾಂಗ ನೇಕಾರರ ಬೀದಿಗಳು, ಎಲ್ಲ ಕಡೆಯೂ ದುಡಿಮೆಯ ಕುಟುಂಬಗಳಿವೆ. ಇಂಥ ಮನೆಯಲ್ಲಿ ಟಿವಿ ಕೆಟ್ಟರೆ ಹೊಸದನ್ನು ತರುವುದು ತಿಂಗಳ ಲೆಕ್ಕವನ್ನೇ ಏರುಪೇರು ಮಾಡುತ್ತದೆ.

ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ದೊಡ್ಡ ಗುಣ ಅದರ ದುರಸ್ತಿಯೋಗ್ಯತೆ. ಪರದೆಯ ನಡುವೆ ಅಡ್ಡಗೆರೆ ಮಾತ್ರ ಉಳಿದರೆ ವರ್ಟಿಕಲ್ ಐಸಿ ಅಥವಾ ಅದರ ಸುತ್ತಲಿನ ಬೆಸುಗೆಯ ಮೇಲೆ ಅನುಮಾನ. ಚಿತ್ರ ಕುಗ್ಗಿದರೆ ಒಣಗಿದ ಕೆಪಾಸಿಟರ್ ಇರಬಹುದು. ಒಳಗೆ ಚಟಚಟ ಸದ್ದಾದರೆ ಎಲ್‌ಒಟಿ, ಅಂದರೆ ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನೋಡಬೇಕು. ಒಂದೊಂದು ಭಾಗವನ್ನೂ ಬಿಡಿಯಾಗಿ ಬಿಚ್ಚಿ ಬದಲಿಸಬಹುದು. ತೆಳು ಎಲ್‌ಇಡಿ ಟಿವಿಯ ಪ್ಯಾನೆಲ್ ಒಡೆದರೆ, ಪ್ಯಾನೆಲ್ ಬೆಲೆ ಹೊಸ ಟಿವಿಯ ಬೆಲೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಹಾಗೆಂದು ಮನೆಯವರೇ ಹಿಂದಿನ ಮುಚ್ಚಳ ಬಿಚ್ಚಬಾರದು. ಕಲರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟ್‌ಗೂ ಹೆಚ್ಚು ವಿದ್ಯುತ್ ಬೇಕು. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಅದು ಉಳಿದಿರುತ್ತದೆ. ಗೋಡೆಗೆ ಒತ್ತದಂತೆ ಗಾಳಿಯಾಡಲು ಜಾಗ ಬಿಡುವುದು, ಸ್ಪೀಕರ್ ದೂರ ಇಡುವುದು, ಸೆಟ್‌ಟಾಪ್ ಬಾಕ್ಸಿನ ಹಳದಿ-ಬಿಳಿ-ಕೆಂಪು ಕೇಬಲ್ ಸಡಿಲವಾಗಿದೆಯೇ ನೋಡುವುದು, ಗುಡುಗು-ಮಿಂಚು ಶುರುವಾಗುವ ಮೊದಲೇ ಪ್ಲಗ್ ತೆಗೆಯುವುದು ಮನೆಯವರ ಕೆಲಸ. ಉಳಿದದ್ದು ಮೆಕ್ಯಾನಿಕ್‌ಗೆ ಸೇರಿದ್ದು.

ಆ ಮೆಕ್ಯಾನಿಕ್‌ನ ಅಂಗಡಿ ಮುಚ್ಚಿದರೆ ಟಿವಿಯ ಮುಂದಿನ ದಾರಿ ಗುಜರಿ. ಅಲ್ಲಿ ಬೆಲೆ ಇರುವುದು ಟ್ಯೂಬಿನ ಕುತ್ತಿಗೆಯ ಯೋಕ್ ಮತ್ತು ಇತರ ಸುರುಳಿಗಳ ತಾಮ್ರಕ್ಕೆ. ಗಾಜಿಗೆ ಕೊಳ್ಳುವವರಿಲ್ಲ. ಕಲರ್ ಟ್ಯೂಬಿನ ಹಿಂಭಾಗದ ಆಲಿಕೆಯಾಕಾರದ ಗಾಜಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಸೀಸದ ಆಕ್ಸೈಡ್. ಒಡೆದು ಹಳ್ಳಕ್ಕೆ ಸುರಿದರೆ ಆ ಸೀಸ ಮಣ್ಣಿಗೂ ನೀರಿಗೂ ಇಳಿಯುತ್ತದೆ.

ತ್ಯಾಜ್ಯದ ವಿಷಯದಲ್ಲಿ ಈ ಸೀಮೆಗೆ ಪಾಠ ಹೊಸದಲ್ಲ. ಎರಡೂ ಜಿಲ್ಲೆಗಳಲ್ಲಿ ಹರಿಯುವ ನೊಯ್ಯಲ್ ನದಿಯನ್ನು ಬಣ್ಣದ ನೀರು ಕೆಡಿಸಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸುವ ಆದೇಶ ಕೊಡಬೇಕಾಯಿತು. ಕೆಟ್ಟ ಮೇಲೆ ಕೋರ್ಟು ಬರುವವರೆಗೆ ಕಾಯುವ ತಪ್ಪು ಮತ್ತೆ ಆಗಬಾರದು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ ಹೊಣೆಯನ್ನು ತಯಾರಕರ ಮೇಲೆ ಹಾಕುತ್ತದೆ. ತಯಾರಕರೇ ಉಳಿಯದಿದ್ದರೆ? ಆ ಕಾಲದ ದೊಡ್ಡ ಹೆಸರಾದ ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ಜನರ ದುಡ್ಡಿನಲ್ಲಿ ಟಿವಿ ಕೊಂಡು ಹಂಚಿದ್ದು ಸರ್ಕಾರ. ಹೊಣೆಯೂ ಅಲ್ಲಿಗೇ ಮರಳಬೇಕು.

ಹಳೆಯ ಟಿವಿ ಹೆಚ್ಚು ಕರೆಂಟ್ ತಿನ್ನುತ್ತದೆ ಎಂಬ ವಾದ ಸರಿಯೇ. ಅದನ್ನು ಶಾಶ್ವತವಾಗಿ ಇಟ್ಟುಕೊಳ್ಳಬೇಕೆಂದು ಯಾರೂ ಹೇಳುತ್ತಿಲ್ಲ. ಓಡುವಷ್ಟು ದಿನ ಓಡಲಿ, ನಿಂತಾಗ ಸರಿಯಾದ ಕೈ ಸೇರಲಿ. ಅದಕ್ಕೆ ಕೊಯಮತ್ತೂರು, ತಿರುಪ್ಪೂರು ಎರಡೂ ನಗರಪಾಲಿಕೆಗಳು ಟಿವಿ ಮೆಕ್ಯಾನಿಕ್ ಅಂಗಡಿಗಳನ್ನೇ ಸಂಗ್ರಹ ಕೇಂದ್ರಗಳೆಂದು ನೋಂದಾಯಿಸಬೇಕು. ಒಡೆಯದೆ ತಲುಪಿಸಿದ ಪ್ರತಿ ಟ್ಯೂಬಿಗೂ ಸರ್ಕಾರ ಹಣ ಕೊಡಬೇಕು. ಸತ್ತ ಸೆಟ್ಟಿನಿಂದ ಬಿಡಿಭಾಗ ತೆಗೆದು ಇನ್ನೊಂದಕ್ಕೆ ಹಾಕುವ ಅವಕಾಶ ಮೆಕ್ಯಾನಿಕ್‌ಗೆ ಇರಬೇಕು, ಉಳಿದ ಗಾಜು ಅಧಿಕೃತ ಮರುಬಳಕೆ ಘಟಕಕ್ಕೆ ಹೋಗಬೇಕು. ಮುಂದಿನ ಬಜೆಟ್‌ನಲ್ಲಿ ತಮಿಳುನಾಡು ಸರ್ಕಾರ ಇದಕ್ಕೆ ಹಣ ತೆಗೆದಿಡಲಿ.